ಮುಳ್ಳುಗೋರಂಟೆಯ ಬೇಲಿ ಕೊನೆಗೂ ನಿಂತಿತು

"ಕಳೆ ಕೀಳಲು ಕೂಲಿ ಕೊಡುವವರನ್ನು ಕಂಡಿದ್ದೇವೆ, ಕಳೆ ನೆಡಲು ಕೊಡುವವರನ್ನು ಇವತ್ತೇ ಕಂಡದ್ದು" ಎಂದು ಪಕ್ಕದ ಹೊಲದ ಯಜಮಾನರು ನಕ್ಕು ನಾಲ್ಕು ವರ್ಷವಾಯಿತು. ಈಗ ಬೀಜ ಕೇಳಿಕೊಂಡು ಅವರೇ ಬರುತ್ತಾರೆ.

ನಮ್ಮದು ಶಿರಾ ಕಡೆಯ ಒಣ ಕೆಂಪುನೆಲ. ಮುಳ್ಳುತಂತಿಗೆ ಸುಮಾರು 40 ಸಾವಿರ ಎಂದರು, ನನ್ನಲ್ಲಿರಲಿಲ್ಲ. ಗುಡ್ಡದ ಬುಡದಲ್ಲಿ ತಾನಾಗಿ ಬೆಳೆಯುವ, ಹಳದಿ ಹೂವಿನ ಮುಳ್ಳುಗೋರಂಟೆ ಪೊದೆಯೇ ಸಾಕೆಂದುಕೊಂಡೆ. ಮೊದಲ ವರ್ಷ ಒಂದು ನರ್ಸರಿಯಲ್ಲಿ ಮೂರು ಸಾವಿರ ತೆತ್ತು ಸಸಿ ತಂದರೆ, ಅರಳಿದ್ದು ನೀಲಿ ಹೂವು! ಮುಳ್ಳೇ ಇಲ್ಲದ ಜಾತಿ. ಆಡುಗಳಿಗೆ ಹಬ್ಬವಾಯಿತು. ಎರಡನೆಯ ವರ್ಷ ಬಲಿತ ಕಡ್ಡಿ ನೆಟ್ಟೆ. ನೂರರಲ್ಲಿ ಹತ್ತೋ ಹನ್ನೆರಡೋ ಚಿಗುರಿದವು.

ಆಮೇಲೆ ಬೀಜಕ್ಕೆ ಇಳಿದೆ. ಒಣಗಿದ ಕಾಯಿಗಳನ್ನು ಮೊರದಲ್ಲಿ ಹರಡಿಟ್ಟು ಮಲಗಿದರೆ ರಾತ್ರಿಯಿಡೀ ಚಟ್, ಚಟ್. ಬೆಳಿಗ್ಗೆ ಮೊರದಲ್ಲಿ ಸಿಪ್ಪೆ ಮಾತ್ರ, ಬೀಜವೆಲ್ಲ ಅಟ್ಟದ ಮೇಲೆ, ಚಾಪೆಯ ಕೆಳಗೆ. ಹೆಂಡತಿ ಬೈದದ್ದನ್ನು ಬರೆಯುವುದಿಲ್ಲ. ಈಗ ಬಟ್ಟೆಯ ಚೀಲದಲ್ಲಿ ಕಟ್ಟಿಡುತ್ತೇನೆ. ಕಾಯಿಗೆ ಎರಡೇ ಬೀಜ, ಚಪ್ಪಟೆ, ಮೈಮೇಲೆ ಒತ್ತಿಕೊಂಡ ರೋಮ. ನೀರು ತಗುಲಿದರೆ ರೋಮ ಲೋಳೆಯಾಗಿ ಮಣ್ಣಿಗೆ ಅಂಟುತ್ತದೆ. ನಾನೋ, ಹುರುಳಿಯಂತೆ ಆಳಕ್ಕೆ ಹಾಕಿ ಕೊಳೆಸಿದ್ದೆ. ಮೇಲೆಯೇ ಉದುರಿಸಿ, ಬೆರಳಿನಿಂದ ಒತ್ತಿ ಬಿಟ್ಟರೆ ಸಾಕು. ಬಿತ್ತುವ ಹಿಂದಿನ ದಿನ ಬೀಜಕ್ಕೆ ಏನು ಮಾಡುತ್ತೇನೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎಳೆಯ ಗಿಡದ ಮುಳ್ಳು ಮೆತ್ತಗೆ. ಮೊದಲ ವರ್ಷ ಜಾಲಿಕೊಂಬೆಯ ಕಾವಲು ಬೇಕೇ ಬೇಕು. ಒಟ್ಟು ಖರ್ಚು, ಆ ದಂಡದ ಮೂರು ಸಾವಿರ ಸೇರಿ, ಎಂಟು ಸಾವಿರ ದಾಟಿರಲಾರದು.

ಗಿಡ ಸೊಂಟದೆತ್ತರ ಬಂದಾಗ ಕಪ್ಪು ಮುಳ್ಳುಹುಳುಗಳು ಎಲೆ ಬೋಳಿಸಿದವು. ಗಾಬರಿಯಿಂದ ಬೇವಿನೆಣ್ಣೆ ಹೊಡೆದೆ. ಎರಡು ಹುಳು ಸೀಸೆಯಲ್ಲಿ ಉಳಿದಿದ್ದವು. ಹೊರಬಂದದ್ದು ಹಳದಿ ರೆಕ್ಕೆಗೆ ಕಪ್ಪು ಅಂಚಿನ, ಹಿಂರೆಕ್ಕೆಯಲ್ಲಿ ನೀಲಿ ಮಚ್ಚೆಯ ಹಳದಿ ಪ್ಯಾನ್ಸಿ ಚಿಟ್ಟೆ. ಅಂದಿನಿಂದ ಎಣ್ಣೆ ಬಂದ್. ಬೋಳಾದ ಗಿಡ ಮಳೆ ಬಿದ್ದ ಮೇಲೆ ಮತ್ತೆ ತುಂಬಿಕೊಂಡಿತು. ಆ ಚಿಟ್ಟೆಗಾಗಿಯೇ ಕೃಷಿಹೊಂಡದ ಅಂಚಿನಲ್ಲಿ ಕೊಳವಳಿಕೆಯನ್ನೂ ಹಾಕಿ ನೋಡಿದೆ. ಅದಕ್ಕೂ ಗಿಣ್ಣಿಗೆ ಮುಳ್ಳು, ಹುಳು ಅದನ್ನೂ ತಿಂದಿತು. ಆದರೆ ಹೊಂಡ ಒಣಗಿದ್ದೇ ಗಿಡವೂ ಹೋಯಿತು.

ಈ ಸಲ ಹೂವಿಗೆ ಸೂರಕ್ಕಿ ಬರುತ್ತಿದೆ. ಮೊನ್ನೆ ಬುಡ ಸವರಲು ಬಗ್ಗಿದಾಗ ಗೌಜಲಹಕ್ಕಿಯೊಂದು ಬುರ್ರೆಂದು ಕಾಲಬುಡದಿಂದಲೇ ಎದ್ದಿತು. ಒಳಗೆ ಆರೇಳು ಮೊಟ್ಟೆ. ಕತ್ತಿ ಹಿಂದಕ್ಕೆ ತಂದೆ. ಆ ಹತ್ತು ಮೊಳ ಇನ್ನೂ ಸವರಿಲ್ಲ.