ಐದು ಸಾವಿರ ಕೋಳಿಗೆ ಒಂದು ಮೈಕು

ಹುಮನಾಬಾದ್ ಕಡೆಯ ನಮ್ಮ ಶೆಡ್ಡಿನಲ್ಲಿ ಈಗ ಸಿಆರ್‌ಡಿ (ಕೋಳಿಗೆ ಸೀನು, ಗಂಟಲಿನ ಗುರ್‌ಗುರ್ ತರುವ ಉಸಿರಾಟದ ರೋಗ) ಶುರುವಾದರೆ ಮೊದಲು ನನಗೆ ಗೊತ್ತಾಗುತ್ತದೆ, ಕೋಳಿ ಕಂಪನಿಯ ಸೂಪರ್‌ವೈಸರ್‌ಗೆ ಆಮೇಲೆ. ತಂತಿಗೆ ಮೈಕು ಕಟ್ಟುವಾಗ "ಕೋಳಿ ಭಜನಿ ಮಾಡ್ತಾವೇನ್ರಿ?" ಅಂತ ನಕ್ಕವರು ಅವರೇ.

ದುಡ್ಡು ಸುಟ್ಟ ಲೆಕ್ಕ ಮೊದಲು. ಸುಮಾರು 2,000ದ ಸಿಸಿಟಿವಿ ಮೈಕು: ನೆಲಕ್ಕೆ ಹಾಸಿದ ಹೊಟ್ಟಿನ ಧೂಳಿಗೆ ಒಂದೇ ಬ್ಯಾಚಿಗೆ ಮೂಕ. ಆಮೇಲೆ 5-6 ಸಾವಿರದ ರೆಕಾರ್ಡರ್. ಹಗಲೆಲ್ಲ ಓಡಿಸಿದರೂ ಫ್ಯಾನಿನ ಗೊರಗೊರ ಬಿಟ್ಟರೆ ಏನಿಲ್ಲ. ಕೈಹಿಡಿದದ್ದು ಗಾಜು ಒಡೆದ ಹಳೇ ಫೋನು, 200 ಚಿಲ್ಲರೆಯ ಕಾಲರ್ ಮೈಕು. ಮೈಕಿಗೆ ಏನು ಸುತ್ತುತ್ತೇನೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ.

ಚಳಿಗಾಲದಲ್ಲಿ ರಾತ್ರಿ 2ರ ಸುಮಾರಿಗೆ ಲೈಟು, ಫ್ಯಾನು ಬಂದ್ ಮಾಡಿ 10 ನಿಮಿಷ ರೆಕಾರ್ಡ್. ಬೆಳಿಗ್ಗೆ ಆಡಾಸಿಟಿ ಅನ್ನೋ ಆಡಿಯೊ ಸಾಫ್ಟ್‌ವೇರಿಗೆ ಹಾಕಿ 1,000 ಹರ್ಟ್ಸ್ ಕೆಳಗಿನ ದಪ್ಪ ಸದ್ದನ್ನು ತೆಗೆದರೆ ಸ್ಪೆಕ್ಟ್ರೋಗ್ರಾಮಿನಲ್ಲಿ (ಸದ್ದಿನ ಚಿತ್ರದಲ್ಲಿ) ಒಂದೊಂದು ಸೀನೂ ಕಡ್ಡಿ ನಿಲ್ಲಿಸಿದಂತೆ ಕಾಣುತ್ತದೆ. ಎಣಿಸಿ, ನಿನ್ನೆಯದಕ್ಕೆ ಹೋಲಿಸೋದು. ಪಕ್ಕದವರ ಶೆಡ್ಡಿನ ಲೆಕ್ಕ ನಮಗೆ ಬರಲ್ಲ. ಗಂಟಲಿನ ಗುರ್‌ಗುರ್‌ಗೆ ಮಾತ್ರ ಕತ್ತರಿಸದ ಫೈಲನ್ನು ಹೆಡ್‌ಫೋನಿನಲ್ಲೇ ಕೇಳಬೇಕು.

ಹೋದ ಚಳಿಗಾಲ ಕೋಳಿಗೆ ಮೂರನೇ ವಾರ ದಾಟಿದಾಗ ಕಡ್ಡಿ 10ರ ಆಸುಪಾಸಿನಿಂದ 40ಕ್ಕೆ ಏರಿತು. ಫೀಡು ಎಂದಿನಷ್ಟೇ ಹೋಗ್ತಿತ್ತು, ಸತ್ತದ್ದೂ ಹೆಚ್ಚಿಲ್ಲ. "ಏನೂ ಆಗಿಲ್ಲ ಬಿಡ್ರಿ" ಅಂದರು ಸೂಪರ್‌ವೈಸರ್. ನಾನು ಪರದೆ ಇಳಿಸಿ ಗಾಳಿ ಬಿಟ್ಟೆ, ಹೊಟ್ಟು ತಿರುವಿಸಿದೆ, ನಾಲ್ಕು ಕೋಳಿ ಹಿಡಿದು ಬೀದರಿನ ನಂದಿನಗರದ ವೆಟರ್ನರಿ ಕಾಲೇಜಿಗೆ ಹೋದೆ. ಕೊಯ್ದು ನೋಡಿದರೆ ಗಾಳಿಚೀಲ ಆಗಲೇ ಮಬ್ಬು. ಯಾವ ರೋಗ ಅಂತ ಮೈಕು ಹೇಳಲ್ಲ, ಅದಕ್ಕೇ ಹೋದದ್ದು. ಆ ಬ್ಯಾಚಿನ ಮಾರ್ಟಾಲಿಟಿ (ಸತ್ತ ಕೋಳಿಯ ಲೆಕ್ಕ) 3 ಪರ್ಸೆಂಟ್ ಚಿಲ್ಲರೆ; ಅದರ ಹಿಂದಿನ ಚಳಿಗಾಲ 9ರ ಹತ್ತಿರ ಹೋಗಿತ್ತು. ಸಾಕಿದ್ದಕ್ಕೆ ಕಂಪನಿ ಕೊಡುವ ಗ್ರೋಯಿಂಗ್ ಚಾರ್ಜು, ಕಡಿಮೆ ಫೀಡಿನಲ್ಲಿ ಹೆಚ್ಚು ತೂಕ ಬಂದದ್ದಕ್ಕೆ ಕೊಡುವ ಎಫ್‌ಸಿಆರ್ ಇನ್ಸೆಂಟಿವ್ ಸೇರಿ 15 ಸಾವಿರದಷ್ಟು ಜಾಸ್ತಿ ಬಂತು.

ಬ್ರೂಡಿಂಗಿನಲ್ಲಂತೂ, ಅಂದರೆ ಮೊದಲ ದಿನಗಳಲ್ಲಿ ಮರಿಗೆ ಕಾವು ಕೊಡುವಾಗ, ಮೈಕು ಥರ್ಮಾಮೀಟರಿಗಿಂತ ಮೇಲು. ಥರ್ಮಾಮೀಟರು ತಾನು ತೂಗುವ ಜಾಗದಲ್ಲಿ 33 ಡಿಗ್ರಿ ತೋರಿಸುತ್ತದೆ, ಪರದೆ ಹರಿದ ಮೂಲೆಯ ಮರಿ ಎಳೆದೆಳೆದು ಚೀರುತ್ತಿರುತ್ತದೆ. ಮರಿಯ ದನಿ 3,000 ಹರ್ಟ್ಸ್ ಮೇಲಿರೋದರಿಂದ ಫ್ಯಾನಿನಲ್ಲಿ ಕಲಸಲ್ಲ. ಮೈಕು ಯಾವ ಎತ್ತರಕ್ಕೆ ಅನ್ನೋದನ್ನು ನೀವೇ ಏರಿಸಿ ಇಳಿಸಿ ನೋಡಿ.

ನಡುವೆ ಉಸ್ಮಾನಾಬಾದಿ ಆಡಿನ ದೊಡ್ಡಿಗೂ ಕಟ್ಟಿದೆ, ಬೆದೆ ಗೊತ್ತಾದೀತು ಅಂತ. ಹೋತಕ್ಕೂ ಹಂಗೇ ಕೂಗ್ತಾವ, ಮೇವಿಗೂ ಹಂಗೇ. ಬಿಚ್ಚಿಟ್ಟೆ.

ಬೇಸಿಗೆಯಲ್ಲಿ ಇದನ್ನು ನಂಬಬೇಡಿ. 42 ಡಿಗ್ರಿ ದಾಟಿದ ಮೇಲೆ ಫ್ಯಾನು ಬಂದ್ ಮಾಡೋ ಮಾತೇ ಇಲ್ಲ, ಕೋಳಿಗಳೂ ಬಾಯಿ ತೆರೆದು ಏದುಸಿರು ಬಿಡುತ್ತಾ ಸುಮ್ಮನೆ ಕೂತಿರುತ್ತವೆ. ಏಪ್ರಿಲ್, ಮೇನಲ್ಲಿ ನಾನು ಫೋನು ತೆಗೆದಿಟ್ಟು ಶೆಡ್ಡಿಗೆ ತುಂತುರು ನೀರು ಬಿಡುವ ಫಾಗರಿನ ನಾಜಲ್ ತೊಳೆಯುತ್ತೇನೆ.