ಹಳೆಯ ಬುಲೆಟ್ 350ಕ್ಕೆ ಬದಲಿ ಕಾರ್ಬುರೇಟರ್ ಜೋಡಿಸುವ ಕ್ರಮ

ಎರಕದ ಕಬ್ಬಿಣದ ಇಂಜಿನ್ನಿನ ಬುಲೆಟ್ 350 ಬೈಕಿಗೆ ಬಹುಕಾಲ ಬರುತ್ತಿದ್ದ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) 24 ಮಿ.ಮೀ. ಬೋರಿನ ಮಿಕ್‌ಕಾರ್ಬ್ ವಿಎಂ24. ಅದರ ಅಚ್ಚಿನಲ್ಲೇ ತಯಾರಾದ ಬದಲಿ ಕಾರ್ಬುರೇಟರ್ ಹೊರಗಿನಿಂದ ಮೂಲದಂತೆಯೇ ಕಂಡರೂ ಒಳಗಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ತಿರುಪು), ಸ್ಲೈಡು (ಥ್ರಾಟಲ್ ತಿರುಗಿಸಿದಂತೆ ಮೇಲೇರಿ ಗಾಳಿಗೆ ದಾರಿ ಬಿಡುವ ಭಾಗ), ಅದಕ್ಕೆ ಸಿಕ್ಕಿಸಿದ ಸೂಜಿ ಇವು ಅದೇ ಅಳತೆಯವೆಂದು ನಂಬಲಾಗದು.

ಕೊಳ್ಳುವ ಮುನ್ನ ಹಳೆಯದನ್ನು ಬಿಚ್ಚಿ ನೋಡಬೇಕು. ಪೆಟ್ರೋಲ್ ಓವರ್‌ಫ್ಲೋ ಆಗುವುದಷ್ಟೇ ತೊಂದರೆಯಾದರೆ ಫ್ಲೋಟ್ (ಪೆಟ್ರೋಲಿನ ಮಟ್ಟ ಕಾಯುವ ತೇಲುವ ಭಾಗ) ತೂತಾಗಿದೆಯೋ, ಪೆಟ್ರೋಲ್ ತಡೆಯುವ ಅದರ ಬೇರೆ ಸೂಜಿ ಸವೆದಿದೆಯೋ ಎಂದು ಪರೀಕ್ಷಿಸಿ ಆ ಭಾಗವನ್ನು ಮಾತ್ರ ಬದಲಿಸಿದರೆ ಸಾಕು. ಸ್ಲೈಡು ತನ್ನ ಕೊಳವೆಯಲ್ಲಿ ಗಡಗಡ ಅಲುಗಾಡುತ್ತಿದ್ದರೆ ಮಾತ್ರ ಹೊಸದಕ್ಕೆ ಹಣ ಹಾಕುವುದು ನ್ಯಾಯ. ಆಗಲೂ ಹಳೆಯ ಜೆಟ್ಟುಗಳನ್ನು ಗುಜರಿಗೆ ಕೊಡಬಾರದು.

ಹೊಸದನ್ನು ಕೂರಿಸುವ ಮೊದಲು ಎರಡರ ಜೆಟ್ಟುಗಳ ಮೇಲಿನ ಅಂಕಿಗಳನ್ನೂ ಸ್ಲೈಡಿನ ಓರೆ ಕಡಿತವನ್ನೂ ಹೋಲಿಸಬೇಕು. ಕಾರ್ಬುರೇಟರನ್ನು ಇಂಜಿನ್ನಿಗೆ ಜೋಡಿಸುವ ಚಪ್ಪಟೆ ತುದಿಯಾದ ಫ್ಲ್ಯಾಂಜಿನ ಮುಖವನ್ನು ಗಾಜಿನ ಮೇಲಿಟ್ಟು ನೋಡಿ, ಬಾಗಿದ್ದರೆ ಗಾಜಿನ ಮೇಲೆ ಹರಡಿದ ನುಣ್ಣನೆಯ ಪಾಲಿಶ್ ಕಾಗದದಲ್ಲಿ ಸಮನಾಗಿ ಉಜ್ಜಬೇಕು. ಎರಡು ನಟ್ಟುಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿಯಬೇಕೇ ಹೊರತು ಒಂದನ್ನೇ ಪೂರ್ತಿ ತಿರುಗಿಸಿದರೆ ಫ್ಲ್ಯಾಂಜು ಬಾಗಿ, ಸಂದಿನಿಂದ ಗಾಳಿ ನುಗ್ಗಿ, ಐಡ್ಲಿಂಗ್ (ಥ್ರಾಟಲ್ ಕೊಡದಿರುವಾಗಿನ ಇಂಜಿನ್ ಓಟ) ಎಂದಿಗೂ ಒಂದೇ ಸಮನಾಗಿ ನಿಲ್ಲದು. ಎಷ್ಟೋ ಮಂದಿ ಮೆಕ್ಯಾನಿಕ್‌ನನ್ನು ಬೈಯುವುದು ಈ ಸಂದಿನ ತಪ್ಪಿಗೇ.

ಏರ್ ಸ್ಕ್ರೂವನ್ನು ಹಗುರವಾಗಿ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಹೊರತೆಗೆದು, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಸದ್ದು ಅತ್ಯಂತ ಸಮವಾಗಿ ಕೇಳುವ ಜಾಗಕ್ಕೆ ಹೊಂದಿಸಬೇಕು. ಹೊರಕ್ಕೆ ತಿರುಗಿಸಿದಷ್ಟೂ ಗಾಳಿ ಹೆಚ್ಚಿ ಮಿಶ್ರಣ ತೆಳುವಾಗುತ್ತದೆ, ಅಂದರೆ ಅದರಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ.

ಪೂರ್ತಿ ಥ್ರಾಟಲಿನಲ್ಲಿ ಪೆಟ್ರೋಲ್ ಒದಗಿಸುವ ಮುಖ್ಯ ಜೆಟ್ಟಿನ ಪರೀಕ್ಷೆಗೆ ಹುಬ್ಬಳ್ಳಿಯಿಂದ ಅಣ್ಣಿಗೇರಿಯ ಕಡೆಗಿನ ರಸ್ತೆ ಅನುಕೂಲ. ವಾಹನ ಸಂಚಾರ ವಿರಳವಾಗಿರುವಾಗ ಥ್ರಾಟಲ್ ಪೂರ್ತಿ ತೆರೆದು ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಇಂಜಿನ್ ಆರಿಸಿ ಬದಿಗೆ ನಿಲ್ಲಿಸಿ ಪ್ಲಗ್ ಬಿಚ್ಚಬೇಕು. ಪ್ಲಗ್ಗಿನ ಪಿಂಗಾಣಿ ತಿಳಿ ಕಂದಾಗಿದ್ದರೆ ಜೆಟ್ ಸರಿಯಿದೆ. ಮಸಿ ಹಿಡಿದಿದ್ದರೆ ಸಣ್ಣದನ್ನು, ಬೆಳ್ಳಗಾಗಿದ್ದರೆ ದೊಡ್ಡದನ್ನು ಹಾಕಬೇಕು. ಅರ್ಧ ಥ್ರಾಟಲಿನಲ್ಲಿ ಮಾತ್ರ ಗಾಡಿ ಎಳೆಯದಿದ್ದರೆ ಜೆಟ್ಟಿಗೆ ಕೈ ಹಚ್ಚದೆ, ಸ್ಲೈಡಿನ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಕ್ಕಿಳಿಸಿ ಸೂಜಿಯನ್ನು ಎತ್ತರಿಸಬೇಕು. ಶೇ. 20 ಎಥೆನಾಲ್ ಬೆರೆತ ಈಗಿನ ಪೆಟ್ರೋಲಿನಲ್ಲಿ ಆಮ್ಲಜನಕವಿರುವುದರಿಂದ ಮಿಶ್ರಣ ತೆಳುವಾಗುವತ್ತ ವಾಲುತ್ತದೆ; ಬೇಸಿಗೆಯ ಬಿಸಿಲಿನಲ್ಲಿ ದೂರ ಹೋಗುವವರು ಬೆಳ್ಳಗಿನ ಪ್ಲಗ್ಗನ್ನು ಕಡೆಗಣಿಸಿದರೆ ಪಿಸ್ಟನ್ ಸೀಜ್ ಆಗಿ ಸಿಲಿಂಡರಿನಲ್ಲೇ ಕಚ್ಚಿಕೊಳ್ಳಬಹುದು.