ಚಾರ್ಜ್ ಪದವನ್ನು ನಾನು ಪಳಗಿಸಿಕೊಂಡ ಬಗೆ

ಮೊಬೈಲ್ ಚಾರ್ಜಿಗೆ ಹಾಕುತ್ತೇವೆ, ರಿಪೇರಿಗೆ ಚಾರ್ಜ್ ಎಷ್ಟು ಎಂದು ಕೇಳುತ್ತೇವೆ, ಆಫೀಸಿನಲ್ಲಿ ಯಾರೋ ಇನ್‌ಚಾರ್ಜ್ ಇರುತ್ತಾರೆ. ಕನ್ನಡದ ಮಾತಿನಲ್ಲಿ ಈ ಪದ ಸಲೀಸಾಗಿ ಓಡಾಡುವುದರಿಂದ ಇಂಗ್ಲಿಷ್ ಬರೆಯುವಾಗಲೂ ಅದು ಗೊತ್ತಿರುವ ಪದವೇ ಅನ್ನಿಸುತ್ತದೆ. ತೊಡಕು ಶುರುವಾಗುವುದೇ ಅಲ್ಲಿ. ನಿಘಂಟಿನ ಅರ್ಥಗಳನ್ನು ಬಾಯಿಪಾಠ ಮಾಡಿದರೆ ಇದು ಹಿಡಿತಕ್ಕೆ ಬರುವುದಿಲ್ಲ. ಪಟ್ಟಿಯನ್ನು ಬದಿಗಿಟ್ಟು, ಪದದ ಅಕ್ಕಪಕ್ಕ ಏನು ಕೂತಿದೆ ಎಂದು ನೋಡುವ ಅಭ್ಯಾಸ ಮಾಡಿಕೊಂಡೆ. ಇದು ಕ್ರಿಯಾಪದವೋ ನಾಮಪದವೋ, ಹಿಂದೆಯೇ ಬರುವುದು ಮನುಷ್ಯನೋ ಹಣವೋ ವಸ್ತುವೋ, ಆಮೇಲಿನ ಪ್ರಿಪೊಸಿಷನ್ (ಫಾರ್, ವಿತ್, ಟು ಥರದ ಪುಟ್ಟ ಪದ) ಯಾವುದು? ಹೆಚ್ಚಿನ ಸಲ ತೀರ್ಪು ಕೊಡುವುದು ಆ ಪ್ರಿಪೊಸಿಷನ್ನೇ.

ಹಣದ ಅರ್ಥದಲ್ಲಿ ವಾಕ್ಯದ ಸಾಲು ಹೀಗೆ: ಯಾರಿಗೆ, ಎಷ್ಟು, ಯಾತಕ್ಕೆ. ‘ದೇ ಚಾರ್ಜ್ಡ್ ಮೀ ಟೆನ್ ಡಾಲರ್ಸ್ ಫಾರ್ ದ ರಿಪೇರ್.’ ‘ಮೀ’ಗಿಂತ ಮೊದಲು ಯಾವ ಪ್ರಿಪೊಸಿಷನ್ನೂ ಬರುವುದಿಲ್ಲ. ಕನ್ನಡದಲ್ಲಿ ‘ನನ್ನಿಂದ ಹತ್ತು ಡಾಲರ್ ತೆಗೆದುಕೊಂಡರು’ ಎನ್ನುತ್ತೇವಲ್ಲ, ಆ ‘ಇಂದ’ ಇಂಗ್ಲಿಷಿಗೂ ನುಸುಳಿ ‘ಚಾರ್ಜ್ಡ್ ಫ್ರಮ್ ಮೀ’ ಆಗಿಬಿಡುತ್ತದೆ. ಅದು ತಪ್ಪು. ‘ಟು’ ಬಂದರೆ ಅರ್ಥವೇ ಬೇರೆ: ‘ಚಾರ್ಜ್ ಇಟ್ ಟು ಮೈ ಅಕೌಂಟ್’ ಎಂದರೆ ಈಗ ಕೊಡುವುದಿಲ್ಲ, ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ ಎಂದು. ಇನ್ನೊಂದು ಮಾತು: ಚಾರ್ಜ್ ಮಾಡುವವರು ಮನುಷ್ಯರು ಅಥವಾ ಸಂಸ್ಥೆಗಳು, ವಸ್ತುವಲ್ಲ. ‘ದಿಸ್ ಬುಕ್ ಚಾರ್ಜಸ್ ಟೆನ್ ಡಾಲರ್ಸ್’ ಎಂದು ಬರೆದರೆ ಪುಸ್ತಕವೇ ಬಿಲ್ ಹರಿದುಕೊಟ್ಟ ಹಾಗಾಗುತ್ತದೆ. ವಸ್ತುವಿಗೆ ‘ಕಾಸ್ಟ್ಸ್’ ಬಳಸಬೇಕು. ನಾಮಪದವಾಗಿ ಬಳಸುವಾಗಲೂ ಎಚ್ಚರ ಬೇಕು. ಬಸ್ಸು, ರೈಲಿಗೆ ಫೇರ್. ವಕೀಲರಿಗೆ, ವೈದ್ಯರಿಗೆ ಫೀ. ಸೇವೆಗೆ ತೆರುವುದು ಚಾರ್ಜ್. ‘ಬಸ್ ಚಾರ್ಜ್’ ನಮ್ಮ ಮಾತಿನಲ್ಲಿ ಗಟ್ಟಿಯಾಗಿ ನೆಲೆಸಿದೆ, ಆದರೆ ಹೊರಗಿನ ಓದುಗರಿಗೆ ಬರೆಯುವಾಗ ನಾನು ‘ಫೇರ್’ ಎಂದೇ ಹಾಕುತ್ತೇನೆ.

ನಿಜವಾಗಿ ತಾಳ್ಮೆ ಕೇಳುವುದು ‘ಚಾರ್ಜ್ಡ್ ವಿತ್’. ‘ಹೀ ವಾಸ್ ಚಾರ್ಜ್ಡ್ ವಿತ್ ಥೆಫ್ಟ್’ ಎಂದರೆ ಅವನ ಮೇಲೆ ಕಳ್ಳತನದ ಆರೋಪ ಹೊರಿಸಲಾಯಿತು. ‘ಅಕ್ಯೂಸ್’ ಜೊತೆ ‘ಆಫ್’, ‘ಚಾರ್ಜ್’ ಜೊತೆ ‘ವಿತ್’. ಕನ್ನಡದಲ್ಲಿ ಎರಡಕ್ಕೂ ಆರೋಪವೇ ಆದ್ದರಿಂದ ‘ಚಾರ್ಜ್ಡ್ ಆಫ್ ಥೆಫ್ಟ್’ ಎಂಬ ಬೆರಕೆ ಹುಟ್ಟುತ್ತದೆ. ಗೊಂದಲ ಹೆಚ್ಚಿಸಲೆಂಬಂತೆ ನಾಮಪದಕ್ಕೆ ಮಾತ್ರ ‘ಆಫ್’ ಬರುತ್ತದೆ: ‘ಅರೆಸ್ಟೆಡ್ ಆನ್ ಎ ಚಾರ್ಜ್ ಆಫ್ ಥೆಫ್ಟ್’. ಅಕ್ಯೂಸ್ ಯಾರು ಬೇಕಾದರೂ ಮಾಡಬಹುದು, ಅಕ್ಕಪಕ್ಕದ ಮನೆಯವರೂ ಕೂಡ. ಈ ಅರ್ಥದ ಚಾರ್ಜ್ ಕಾನೂನಿನ ಅಧಿಕೃತ ಹೆಜ್ಜೆ. ಆದರೂ ಅದು ತೀರ್ಪಲ್ಲ. ‘ಚಾರ್ಜ್ಡ್’ ಎಂದಿರುವ ಸುದ್ದಿಯನ್ನು ‘ತಪ್ಪಿತಸ್ಥ’ ಎಂದು ಕನ್ನಡಿಸಿದರೆ ಕೋರ್ಟಿಗಿಂತ ಮೊದಲು ನಾವೇ ಶಿಕ್ಷೆ ಕೊಟ್ಟಂತೆ.

ಇದೇ ‘ವಿತ್’ ಜವಾಬ್ದಾರಿ ವಹಿಸುವುದಕ್ಕೂ ಬರುತ್ತದೆ. ‘ಚಾರ್ಜ್ಡ್ ವಿತ್ ಹ್ಯಾಂಡ್ಲಿಂಗ್ ದಿ ಎವಿಡೆನ್ಸ್’ ಎಂದರೆ ಸಾಕ್ಷ್ಯ ನೋಡಿಕೊಳ್ಳುವ ಹೊಣೆ ಹೊತ್ತವನು. ‘ಚಾರ್ಜ್ಡ್ ವಿತ್ ಹ್ಯಾಂಡ್ಲಿಂಗ್ ಸ್ಟೋಲನ್ ಗೂಡ್ಸ್’ ಎಂದರೆ ಆರೋಪಿ. ಕದ್ದ ಮಾಲು ವ್ಯವಹರಿಸುವುದು ಇಂಗ್ಲೆಂಡಿನ 1968ರ ಥೆಫ್ಟ್ ಆ್ಯಕ್ಟ್ ಪ್ರಕಾರ ಅಪರಾಧ. ವ್ಯಾಕರಣದ ಅಚ್ಚು ಒಂದೇ, ಕ್ರಿಯಾಪದವೂ ಒಂದೇ. ವಿತ್ ಆದ ಮೇಲೆ ಬಂದದ್ದು ಅಪರಾಧವೋ ಕೆಲಸವೋ ಎಂಬುದಷ್ಟೇ ಅರ್ಥ ತಿರುಗಿಸುತ್ತದೆ. ಹಾಗಾಗಿ ಹೊಣೆಯ ಅರ್ಥ ಬೇಕಾದಾಗ ನಾನು ‘ಎನ್‌ಟ್ರಸ್ಟೆಡ್ ವಿತ್’ ಅಥವಾ ‘ರೆಸ್ಪಾನ್ಸಿಬಲ್ ಫಾರ್’ ಬರೆಯುತ್ತೇನೆ. ಚಾರ್ಜನ್ನು ಆರೋಪಕ್ಕೆ ಬಿಟ್ಟುಕೊಡುತ್ತೇನೆ. ‘ಚಾರ್ಜ್ಡ್ ವಿತ್ ಟೆನ್ಷನ್’ ಎನ್ನುವಾಗ ಇದು ಯಾವುದೂ ಅಲ್ಲ, ವಾತಾವರಣದಲ್ಲಿ ಉದ್ವೇಗ ತುಂಬಿದೆ ಎಂದಷ್ಟೇ.

‘ಇನ್ ಚಾರ್ಜ್ ಆಫ್’ನಲ್ಲಿ ಒಂದು ‘ದ’ ಇಡೀ ವಾಕ್ಯವನ್ನು ತಲೆಕೆಳಗು ಮಾಡುತ್ತದೆ. ‘ದ ನರ್ಸ್ ಈಸ್ ಇನ್ ಚಾರ್ಜ್ ಆಫ್ ದ ಪೇಷಂಟ್’: ನೋಡಿಕೊಳ್ಳುವವಳು ನರ್ಸ್. ‘ದ ಪೇಷಂಟ್ ಈಸ್ ಇನ್ ದ ಚಾರ್ಜ್ ಆಫ್ ದ ನರ್ಸ್’: ಇಲ್ಲೂ ನೋಡಿಕೊಳ್ಳುವವಳು ಅವಳೇ, ಆದರೆ ವಾಕ್ಯ ಶುರುವಾದದ್ದು ಆರೈಕೆ ಪಡೆಯುವವನಿಂದ. ‘ಹೀ ಈಸ್ ದಿ ಇನ್‌ಚಾರ್ಜ್’ ಎಂದು ಅದನ್ನು ಹುದ್ದೆಯ ಹೆಸರಾಗಿ ಬಳಸುವುದು ನಮ್ಮ ರೂಢಿ. ಹೊರಗೆ ‘ದ ಪರ್ಸನ್ ಇನ್ ಚಾರ್ಜ್’ ಎನ್ನಬೇಕು. ಹಳೆಯ ಕಾದಂಬರಿಗಳಲ್ಲಿ ದಾದಿಯೊಬ್ಬಳು ‘ಹರ್ ಚಾರ್ಜಸ್’ ಜೊತೆ ಹೊರಟರೆ, ಅವು ಅವಳ ಬಿಲ್ಲುಗಳಲ್ಲ, ಅವಳ ಸುಪರ್ದಿಯಲ್ಲಿರುವ ಮಕ್ಕಳು.

ಇಷ್ಟೆಲ್ಲ ಒಂದೇ ಪದಕ್ಕೆ ಹೇಗೆ ಅಂಟಿಕೊಂಡಿತು ಎಂಬುದಕ್ಕೆ ಬೇರಿನಲ್ಲಿ ಉತ್ತರವಿದೆ. ಲ್ಯಾಟಿನ್‌ನ ‘ಕರ್ರುಸ್’ ಎಂದರೆ ಬಂಡಿ. ಅದರಿಂದ ಬಂಡಿಗೆ ಹೇರುವುದು, ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿನ ಚಾರ್ಜ್. ಕಾರ್ಗೋ ಇದರ ಬಳಗ. ವ್ಯಂಗ್ಯಚಿತ್ರದ ಕ್ಯಾರಿಕೇಚರ್ ಕೂಡ, ಮುಖದ ಲಕ್ಷಣಗಳ ಮೇಲೆ ಅತಿಯಾಗಿ ಹೇರಿದ್ದು ಎಂಬ ಲೆಕ್ಕದಲ್ಲಿ. ಬೆಲೆ, ಹೊಣೆ, ಆರೋಪ, ಬ್ಯಾಟರಿಗೆ ವಿದ್ಯುತ್ತು, ಬಂದೂಕಿಗೆ ಮದ್ದು, ಎಲ್ಲವೂ ಯಾವುದೋ ಒಂದರ ಮೇಲೆ ಹೇರಿದ್ದೇ. ಓದುವಾಗ ಅರ್ಥ ಸಿಗದೆ ಸಿಕ್ಕಿಕೊಂಡರೆ ‘ಇಲ್ಲಿ ಯಾರ ಮೇಲೆ ಏನು ಹೇರಿದ್ದಾರೆ’ ಎಂದು ಕೇಳಿಕೊಂಡರೆ ಸಾಕಷ್ಟು ಸಲ ದಾರಿ ತೆರೆಯುತ್ತದೆ. ನುಗ್ಗುವ ಅರ್ಥಕ್ಕೆ ಮಾತ್ರ ಈ ಕೀಲಿ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ‘ದ ಬುಲ್ ಚಾರ್ಜ್ಡ್ ಅಟ್ ಹಿಮ್’, ಗೂಳಿ ಅವನತ್ತ ನುಗ್ಗಿತು; ಅಲ್ಲಿ ‘ಅಟ್’ ನೋಡಿ ಗುರುತಿಸುವುದೇ ವಾಸಿ.

ನಿಘಂಟು ಬಳಸುವಾಗ ಅರ್ಥಗಳ ಕ್ರಮ ಗಮನಿಸಿ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ, ಮೆರಿಯಂ-ವೆಬ್‌ಸ್ಟರ್ ಅರ್ಥಗಳನ್ನು ಇತಿಹಾಸದ ಕ್ರಮದಲ್ಲಿ ಇಡುತ್ತವೆ. ಮೊದಲು ಕಂಡದ್ದು ಹಳೆಯದು, ಇವತ್ತು ಹೆಚ್ಚು ಬಳಕೆಯಲ್ಲಿರುವುದು ಅಂತಲ್ಲ. ಬರೆಯುವ ಕೆಲಸಕ್ಕೆ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು (ಲರ್ನರ್ಸ್ ಡಿಕ್ಷನರಿ) ಮೇಲು, ಅದರಲ್ಲಿ ಉದಾಹರಣೆ ವಾಕ್ಯಗಳ ಜೊತೆಗೆ ಪ್ರಿಪೊಸಿಷನ್ ದಪ್ಪ ಅಕ್ಷರದಲ್ಲಿ ಸಿಗುತ್ತದೆ. ನೋಟ್‌ಬುಕ್ಕಿನಲ್ಲಿ ನಾನು ಪುಟಗಳನ್ನು ಅರ್ಥದ ಹೆಸರಿನಲ್ಲಿ ಅಲ್ಲ, ‘ಫಾರ್’, ‘ವಿತ್’, ‘ಟು’, ‘ಅಟ್’, ‘ಇನ್’ ಎಂಬ ಹೆಸರಿನಲ್ಲಿ ತೆರೆಯುತ್ತೇನೆ. ಓದುವಾಗ ಸಿಕ್ಕ ಇಡೀ ವಾಕ್ಯವನ್ನೇ ಅಲ್ಲಿ ಇಳಿಸುತ್ತೇನೆ; ತುಂಡು ಪದಗುಚ್ಛ ಬರೆದುಕೊಂಡರೆ ಯಾರು ಯಾರಿಗೆ ಎಂಬುದು ಕಳೆದುಹೋಗುತ್ತದೆ.

ಪ್ರಿಪೊಸಿಷನ್ನೇ ಇಲ್ಲದ ಚಿಕ್ಕ ವಾಕ್ಯಗಳಲ್ಲಿ ಅಪಾಯ ಇನ್ನೂ ಹೆಚ್ಚು. ಫೋನ್ ಸತ್ತಿದೆ ಎನ್ನಲು ‘ನೋ ಚಾರ್ಜ್’ ಎಂದರೆ ಉಚಿತ ಎಂದೂ ಕೇಳಿಸಬಹುದು. ‘ಮೈ ಬ್ಯಾಟರಿ ಈಸ್ ಡೆಡ್’ ಎಂದರೆ ಆಯಿತು. ಚಾರ್ಜಿಂಗ್ ಪಾಯಿಂಟಿನ ಮೇಲೆ ‘ನೋ ಚಾರ್ಜ್’ ಎಂದು ಫಲಕ ಹಾಕಿದರೆ ಕರೆಂಟಿಲ್ಲವೋ ಕಾಸಿಲ್ಲವೋ ಗೊತ್ತಾಗದೆ ಜನ ವಾಪಸ್ ಹೋದಾರು. ಅಲ್ಲಿ ಬರೆಯಬೇಕಾದ್ದು ‘ಫ್ರೀ ಚಾರ್ಜಿಂಗ್’.